ಎದೆಗೂ ಕಲ್ಲಿಗೂ ನಡುವೆ

ನಮ್ಮೂರಿನ ಮೇಲಿನ ಶಾಲೆಗೆ ಏಳುನೂರ ನಲವತ್ತು ಮೆಟ್ಟಿಲು. ಏಳುನೂರ ಮೂವತ್ತೆಂಟು ಎಂದು ವಾದಿಸುವವರಿದ್ದಾರೆ. ಬುಡದ ಎರಡು ಮೆಟ್ಟಿಲು ರಸ್ತೆಯ ಮಣ್ಣಿನಲ್ಲಿ ಹೂತುಹೋಗಿವೆ, ನಾನು ಕೆದಕಿಸಿ ನೋಡಿ ಪತ್ರಿಕೆಯಲ್ಲಿ ಬರೆದಿದ್ದೇನೆ. ಮಿಕ್ಕವನ್ನು ನಾನು ಎಣಿಸಿದ್ದಲ್ಲ. ಹತ್ತನೆಯ ವಯಸ್ಸಿನಲ್ಲಿ ನನ್ನನ್ನು ಏರೆದೆ ಎಂದು ಬರೆದುಕೊಂಡರು, ಏರೆದೆಯವರು ಮೆಟ್ಟಿಲು ಹತ್ತುವ ಹಾಗಿಲ್ಲ. ಕೆಳಗಿನ ಶಾಲೆ ಐದನೆಯ ತರಗತಿಗೆ ಮುಗಿಯುತ್ತದೆ. ಅಲ್ಲಿಂದ ಮುಂದೆ ನಮ್ಮಂಥವರಿಗೆ ಕೂತು ಮಾಡುವ ಕೆಲಸ: ಹುರಿ ಹೊಸೆಯುವುದು, ಊಟದೆಲೆ ಹಚ್ಚುವುದು, ಅಚ್ಚುಮೊಳೆ ಜೋಡಿಸುವುದು. ನನಗೆ ಅಚ್ಚುಮೊಳೆ ಸಿಕ್ಕಿತು. ಜೋಡಿಸುತ್ತಲೇ ಓದು ಕಲಿತೆ, ಓದುತ್ತಲೇ ತಪ್ಪು ಹುಡುಕುವುದನ್ನು ಕಲಿತೆ, ಈಗ ಇಪ್ಪತ್ತಾರು ವರ್ಷದಿಂದ ಊರಿನ ಪತ್ರಿಕೆಯನ್ನು ನಾನೇ ನಡೆಸುತ್ತಿದ್ದೇನೆ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಇದು ನನ್ನ ಕಥೆಯಲ್ಲ, ಸಾವಂತ್ರಮ್ಮನ ಕಥೆ.

ಮೆಟ್ಟಿಲ ಬುಡದಲ್ಲಿ, ಹಳೆಯ ಸುಂಕದ ಕಟ್ಟೆಯ ಕೊಠಡಿಯೊಳಗೆ, ಆಳೆತ್ತರದ ಕಪ್ಪು ಕಲ್ಲೊಂದು ನಿಂತಿದೆ. ಅದಕ್ಕೆ ತಬ್ಬುಗಲ್ಲು ಎಂದು ಹೆಸರು. ಐದರಿಂದ ಹದಿನೈದು ವರ್ಷದವರೆಗಿನ ಮಕ್ಕಳು ವರ್ಷಕ್ಕೊಮ್ಮೆ ಬಂದು ಒಂದು ಮಗ್ಗುಲಿನಿಂದ ಅದನ್ನು ತಬ್ಬಿಕೊಳ್ಳುತ್ತಾರೆ. ಇನ್ನೊಂದು ಮಗ್ಗುಲಿನಲ್ಲಿ ಕಲ್ಲಿನ ಮೈಗೆ ಮೆತ್ತಿಕೊಂಡಿರುವ ಕರಿಮರಳು ಆಗ ಜರುಗಿ ಗೆರೆಯಾಗುತ್ತದೆ. ಒಂದು ಪುಟ್ಟ ದಿಬ್ಬ, ಒಂದು ಚೂಪಾದ ಕೋಡು, ಕಡೆಗೊಂದು ಅಗಲವಾದ ದಿಬ್ಬ. ಸ್ವಲ್ಪ ಜಾಗ ಬಿಟ್ಟು ಮತ್ತೆ ಅವೇ ಮೂರು, ಎದೆ ಹೊಡೆದುಕೊಂಡ ಹಾಗೆಲ್ಲ. ಕಲ್ಲಿನವರು, ಅಂದರೆ ಅಳೆಯುವ ಹೊಣೆ ಹೊತ್ತವರು, ಅದರ ಮೇಲೆ ಅಂಟು ಸವರಿದ ಕಾಗದ ಒತ್ತಿ ಅಚ್ಚು ತೆಗೆದಿಟ್ಟುಕೊಳ್ಳುತ್ತಾರೆ. ಕೋಡಿನ ಎತ್ತರಕ್ಕೆ ಭತ್ತದ ಕಾಳಿನ ಲೆಕ್ಕ. ಇಪ್ಪತ್ತೈದು ಕಾಳಿನ ಎತ್ತರದಲ್ಲಿ ಕಲ್ಲಿಗೆ ಅಡ್ಡಲಾಗಿ ಒಂದು ಗೆರೆ ಕೊರೆದಿದೆ. ಕೋಡು ಆ ಗೆರೆ ದಾಟಿದರೆ ಹೃದಯ ಊದಿದೆ, ಹತ್ತಿದರೆ ಒಡೆಯುತ್ತದೆ ಎಂದು ಅರ್ಥ. ಅಂಥವರೇ ಏರೆದೆಯವರು, ಅವರ ಹೆಸರನ್ನು ಪ್ರತಿ ವರ್ಷ ನನ್ನ ಪತ್ರಿಕೆಯ ಮೂರನೆಯ ಪುಟದಲ್ಲಿ ಹಾಕುತ್ತಿದ್ದೆ.

ಸಾವಂತ್ರಮ್ಮ ತನ್ನ ಮಾವನಿಂದ ಈ ಕೆಲಸ ವಹಿಸಿಕೊಂಡು ಇಪ್ಪತ್ತೆರಡು ವರ್ಷವಾಗಿತ್ತು. ಗಟ್ಟಿ ದನಿಯ, ಚುರುಕು ಕಣ್ಣಿನ ಹೆಂಗಸು, ಮಕ್ಕಳ ಬಾಯಲ್ಲಿ ಕಲ್ಲಮ್ಮ. ಮಕ್ಕಳು ಹೆದರಿ ಕಲ್ಲಿನ ಮುಂದೆ ನಿಂತರೆ, "ತಬ್ಬಿಕೊಳ್ಳೋ, ಅದು ನಿಮ್ಮ ಸೋದರತ್ತೆ ಅಲ್ಲ, ಕೆನ್ನೆ ಹಿಂಡಲ್ಲ" ಎನ್ನುತ್ತಿದ್ದಳು. ಹೆಸರನ್ನು ಪಟ್ಟಿಗೆ ಸೇರಿಸುವಾಗ ಮಾತ್ರ ತಗ್ಗಿದ ತಲೆ ಎತ್ತುತ್ತಿರಲಿಲ್ಲ.

ನಮ್ಮಲ್ಲಿ ತಾಯಂದಿರಿಗೆ ಒಂದು ನಂಬಿಕೆ ಇತ್ತು. ಕಲ್ಲು ತಬ್ಬುವ ದಿನಕ್ಕೆ ನಲವತ್ತೆಂಟು ದಿನ ಮುಂಚಿನಿಂದ ಮಗುವಿಗೆ ದಿನಾ ಎರಡು ಹೊತ್ತು ತುಪ್ಪ, ಬೆಲ್ಲ, ಹುರಿಗಡಲೆ ಹಿಟ್ಟು ಕಲಸಿ ತಿನ್ನಿಸಿದರೆ ಎದೆ ತಣ್ಣಗಾಗಿ ಕೋಡು ಇಳಿಯುತ್ತದೆ ಎಂದು. ತುಪ್ಪದ ಮಂಡಲ ಎಂದು ಕರೆಯುತ್ತಿದ್ದರು. ಸಾವಂತ್ರಮ್ಮನಿಗೆ ಈ ಮಾತು ಕೇಳಿದರೆ ಆಗುತ್ತಿರಲಿಲ್ಲ. "ತುಪ್ಪ ಹೊಟ್ಟೆಗೆ ಹೋಗುತ್ತೆ ಕಣಮ್ಮ, ಹೃದಯಕ್ಕಲ್ಲ" ಎಂದು ಗದರುತ್ತಿದ್ದಳು.

ಆ ವರ್ಷ ಹುರಿ ಹೊಸೆಯುವ ದ್ಯಾವಮ್ಮ ತನ್ನ ಮಗಳು ಚೆಲುವಿಯನ್ನು ಕರೆದುಕೊಂಡು ಬಂದಳು. ಹನ್ನೊಂದು ವರ್ಷ, ಐದನೆಯ ತರಗತಿ ಮುಗಿಸಿದ್ದಳು, ಮುಂದಿನ ಓದು ಆ ದಿನದ ಅಳತೆಯ ಮೇಲೆ ನಿಂತಿತ್ತು. ಪಕ್ಕೆಲುಬು ಎಣಿಸಬಹುದಾದಷ್ಟು ತೆಳ್ಳಗಿನ ಹುಡುಗಿ. ನಾನು ಪಟ್ಟಿಗಾಗಿ ಅಲ್ಲೇ ಕೂತಿದ್ದೆ. ಅವಳು ಕಲ್ಲು ತಬ್ಬಿದ ಮರುಕ್ಷಣ ಮರಳು ಗೆರೆ ದಾಟಿ ಎದ್ದುಬಿಟ್ಟಿತು. ಸಾವಂತ್ರಮ್ಮ ಕಾಳಿನ ಕೋಲು ಹಿಡಿದು ಎರಡು ಸಲ ಅಳೆದಳು.

"ಮೂವತ್ತೊಂದು" ಎಂದಳು.

ಚೆಲುವಿ ಕಲ್ಲನ್ನು ಬಿಡಲಿಲ್ಲ. "ಇನ್ನೊಂದ್ಸಲ ತಬ್ಕೊತೀನಿ ಕಲ್ಲಮ್ಮ. ಸಡಿಲವಾಗಿ ತಬ್ಕೊತೀನಿ."

"ಎಷ್ಟು ಸಲ ತಬ್ಬಿದ್ರೂ ಅಷ್ಟೇ ಮಗ."

ದ್ಯಾವಮ್ಮ ಅಳಲಿಲ್ಲ. ಮಗಳ ರವಿಕೆಯ ಗುಂಡಿ ಹಾಕುತ್ತಾ ಮಾತಾಡಿದಳು. "ನಮ್ಮವ್ವ ಏರೆದೆ, ನಾನು ಏರೆದೆ, ಈಗ ಇವಳು. ತುಪ್ಪ ಹನ್ನೊಂದು ದಿನ ಹೊಂಚಿದೆ, ಆಮೇಲೆ ಆಗಲಿಲ್ಲ."

"ತುಪ್ಪಕ್ಕೂ ಎದೆಗೂ ಏನೂ ಇಲ್ಲ ಅಂತ ಎಷ್ಟು ಸಲ ಹೇಳಲಿ ದ್ಯಾವಮ್ಮ."

"ಹಂಗಾರೆ ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬ್ಯಾಡಿ. ದುಡ್ಡಿರೋ ಎಣ್ಣೆಗಾಣದ ಬೀದಿ ಮಕ್ಕಳು ಒಬ್ರಾದ್ರೂ ಏರೆದೆ ಆಗವ್ರಾ? ನಮ್ ಬೀದೀಲಿ ಆಗದೆ ಇರೋರು ಎಷ್ಟು ಜನ? ದೇವರು ಹೃದಯಾನೂ ಬೀದಿ ನೋಡಿ ಕೊಡ್ತಾನಾ?"

ಸಾವಂತ್ರಮ್ಮ ಸಾಲಿನಲ್ಲಿದ್ದ ಮಿಕ್ಕ ಮಕ್ಕಳ ಅಳತೆಯನ್ನು ಮುಗಿಸಿದಳು. ಎಲ್ಲರೂ ಹೋದ ಮೇಲೆ ನನ್ನ ಕೈಯಿಂದ ಪಟ್ಟಿಯನ್ನು ವಾಪಸು ತೆಗೆದುಕೊಂಡಳು.

"ಇದನ್ನ ಈಗಲೇ ಹಾಕಬೇಡಿ ರಾಯಪ್ಪನೋರೆ. ಶಾಲೆ ತೆರೆಯೋಕೆ ಇನ್ನೂ ಎರಡು ತಿಂಗಳಿದೆ."

ಅವಳು ಅಳುಕಿದ್ದಕ್ಕೆ ಇನ್ನೊಂದು ಕಾರಣ ಇತ್ತು, ಅದು ನಮ್ಮಿಬ್ಬರಿಗೂ ಗೊತ್ತಿತ್ತು. ಎರಡು ವರ್ಷದ ಹಿಂದೆ ಎಣ್ಣೆಗಾಣದ ಗಂಗಾಂಬಿಕಮ್ಮನ ಮಗ ಗುರುಪಾದ ಐನೂರ ಹನ್ನೆರಡನೆಯ ಮೆಟ್ಟಿಲಲ್ಲಿ ಕುಸಿದುಬಿದ್ದು ಸತ್ತಿದ್ದ. ಹನ್ನೆರಡು ವರ್ಷದ, ದುಂಡಗಿನ, ನಗುಮುಖದ ಹುಡುಗ. ಆ ವರ್ಷ ಅವನ ಕೋಡು ಹದಿನೇಳೇ ಕಾಳು. ಗೆರೆಯ ಹತ್ತಿರಕ್ಕೂ ಬಂದಿರಲಿಲ್ಲ. ಬಿಸಿಲಿನ ಝಳಕ್ಕೆ ಸತ್ತನೆಂದು ನಾನು ಪತ್ರಿಕೆಯಲ್ಲಿ ಬರೆದೆ. ಮೇಲೆ ಹೋಗಿ ನೋಡಿರಲಿಲ್ಲ, ಯಾರನ್ನೂ ಸರಿಯಾಗಿ ಕೇಳಿರಲಿಲ್ಲ. ಬೇಸಿಗೆಯಾಗಿತ್ತು, ಅಷ್ಟು ಸಾಕು ಅನ್ನಿಸಿತ್ತು.

ಮುಂದಿನ ಆರು ವಾರ ಸಾವಂತ್ರಮ್ಮ ಮಾಡಿದ ಕೆಲಸವನ್ನು ನಾನು ಹತ್ತಿರದಿಂದ ಕಂಡೆ. ವೃತ್ತಿಯಲ್ಲಿ ಹಲವು ಶಿಸ್ತಿನ ಮನುಷ್ಯರನ್ನು ನೋಡಿದ್ದೇನೆ, ಆ ಮಟ್ಟದ ಶಿಸ್ತನ್ನು ನೋಡಿದ್ದು ಅದೊಂದೇ ಸಲ. ಅವಳ ಬೀರುವಿನಲ್ಲಿ ಇಪ್ಪತ್ತೆರಡು ವರ್ಷದ ನಾಲ್ಕು ಸಾವಿರದ ನೂರ ಹದಿನೆಂಟು ಅಚ್ಚುಗಳಿದ್ದವು, ಇಸವಿಯ ಪ್ರಕಾರ ಕಟ್ಟಿಟ್ಟಿದ್ದವು. ಅವಳು ಕಟ್ಟುಗಳನ್ನೆಲ್ಲ ಬಿಚ್ಚಿ, ನೆಲದ ಮೇಲೆ ಹರಡಿ, ಮಕ್ಕಳ ವಯಸ್ಸಿನ ಪ್ರಕಾರ ಮತ್ತೆ ಜೋಡಿಸಿದಳು. ಹಾಗೆ ಜೋಡಿಸಬಹುದೆಂದು ಅದುವರೆಗೆ ಯಾರಿಗೂ ಹೊಳೆದಿರಲಿಲ್ಲ.

ಒಂದು ಮಧ್ಯಾಹ್ನ ನಾನು ಹೋದಾಗ ಕಾಗದಗಳ ನಡುವೆ ಕಾಲಿಡಲು ಜಾಗವಿರಲಿಲ್ಲ.

"ಬಾಗಿಲಲ್ಲೇ ನಿಂತು ನೋಡಿ" ಎಂದಳು. "ಈ ಗೋಡೆ ಪಕ್ಕ ಐದು ವರ್ಷದೋರು. ಆ ಗೋಡೆ ಪಕ್ಕ ಹದಿನೈದು. ಏನು ಕಾಣುತ್ತೆ?"

ನೋಡಿದೆ. ಪುಟ್ಟ ಮಕ್ಕಳ ಅಚ್ಚಿನಲ್ಲಿ ಕೋಡುಗಳು ಒತ್ತೊತ್ತಾಗಿದ್ದವು, ಒಂದು ಹಾಳೆಗೆ ಎಂಟು. ವಯಸ್ಸು ಏರಿದಂತೆ ದೂರ ಸರಿಯುತ್ತಾ ಬಂದು ಕೊನೆಯ ಸಾಲಿನಲ್ಲಿ ಆರಕ್ಕೆ ಇಳಿದಿದ್ದವು. ಚಿಕ್ಕವರಲ್ಲಿ ಮೂರನೆಯದಾದ ಅಗಲ ದಿಬ್ಬ ದಿಬ್ಬವೇ ಆಗಿರಲಿಲ್ಲ, ಕೆಳಮುಖದ ಕುಳಿಯಾಗಿತ್ತು. ಏಳು, ಎಂಟು, ಒಂಬತ್ತರ ಹೊತ್ತಿಗೆ ಒಬ್ಬೊಬ್ಬರಲ್ಲಿ ಅದು ಮೇಲಕ್ಕೆ ತಿರುಗಿತ್ತು. ನಡುವಿನ ಕೋಡು ವರ್ಷವರ್ಷಕ್ಕೆ ಎತ್ತರವಾಗುತ್ತಾ ಹೋಗಿ ಹದಿಮೂರರ ಸುಮಾರಿಗೆ ನಿಂತು, ಆಮೇಲೆ ತುಸು ತಗ್ಗಿತ್ತು.

"ಬೆಳೀತಾವೆ" ಎಂದೆ.

"ಮಕ್ಕಳು ಬೆಳೆದ ಹಾಗೆ ಇದೂ ಬೆಳೆಯುತ್ತೆ. ಗೆರೆ ಮಾತ್ರ ಬೆಳೆಯಲ್ಲ. ಐದು ವರ್ಷದೋರಿಗೂ ಅದೇ, ಹದಿಮೂರಕ್ಕೂ ಅದೇ. ಆ ಗೆರೆ ಯಾರನ್ನ ನೋಡಿ ಕೊರೆದದ್ದು ಗೊತ್ತಾ?" ಮಾವನ ಹಳೆಯ ಬರಹದ ಪುಸ್ತಕವನ್ನು ತೆರೆದು ತೋರಿಸಿದಳು. ಮೆಟ್ಟಿಲು ಕಡಿದ ಹದಿನಾಲ್ಕು ಜನ ಕಲ್ಲುಕುಟಿಗರನ್ನು ಕಲ್ಲು ತಬ್ಬಿಸಿ, ಅವರಲ್ಲಿ ಎಲ್ಲರಿಗಿಂತ ಎತ್ತರದ ಕೋಡಿಗೆ ಒಂದು ಕಾಳು ಸೇರಿಸಿ ಗೆರೆ ಹಾಕಿದರೆಂದು ಅದರಲ್ಲಿ ಬರೆದಿತ್ತು. "ಕಲ್ಲು ಒಡೆಯೋ ಗಂಡಸರ ಎದೆ. ಅದರಲ್ಲಿ ನಾನು ಹುಡುಗೀರನ್ನ ಅಳೀತಾ ಇದ್ದೆ."

ಆಮೇಲೆ ಮಂಡಿಯಿಂದ ಮೂಟೆ ತೂಗುವ ತಕ್ಕಡಿ ತರಿಸಿದಳು. ಮಕ್ಕಳನ್ನು ಕರೆದು ತೂಗಿದಳು, ಬಿದಿರಿನ ಗಳಕ್ಕೆ ಒರಗಿಸಿ ನಿಲ್ಲಿಸಿ ಎತ್ತರ ಬರೆದುಕೊಂಡಳು, ಎದೆಯ ಸುತ್ತ ದಾರ ಹಾಕಿ ಸುತ್ತಳತೆ ತೆಗೆದಳು. ಮಕ್ಕಳಿಗೆ ತಕ್ಕಡಿಯಲ್ಲಿ ಕೂರುವುದೇ ಆಟವಾಯಿತು. "ನನ್ನ ಬೆಲೆ ಎಷ್ಟು ಕಲ್ಲಮ್ಮ" ಎಂದು ಕೇಳಿದವನೊಬ್ಬನಿಗೆ, "ಕೊಳ್ಳೋರು ಸಿಕ್ಕಿದ್ರೆ ಹೇಳ್ತೀನಿ, ಇಳಿ" ಎಂದಳು. ಲೆಕ್ಕ ಹಾಕಿದಾಗ ದ್ಯಾವಮ್ಮನ ಮಾತು ಎದ್ದು ನಿಂತಿತು. ಒಂದೇ ವಯಸ್ಸಿನವರಲ್ಲಿ, ತೆಳು ಎದೆಯವರ ಕೋಡು ಎತ್ತರ, ದಪ್ಪ ಎದೆಯವರದು ಗಿಡ್ಡ. ಬೀದಿ ಯಾವುದಾದರೂ ಸರಿ.

ಆದರೆ ಪಟ್ಟಿಯೊಂದನ್ನೇ ನಂಬಿ ಬಾಯಿಬಿಡುವ ಹೆಂಗಸಲ್ಲ ಅವಳು. ಚೆಲುವಿಯನ್ನು ತಾಯಿಯ ಜೊತೆ ಕರೆಸಿ, ಹುಡುಗಿಗೂ ಕಲ್ಲಿಗೂ ನಡುವೆ ಮಡಿಸಿದ ಕಂಬಳಿ ಇಟ್ಟು ತಬ್ಬಿಸಿದಳು. ಮರಳು ಅಲುಗಲೇ ಇಲ್ಲ. ಅದರಿಂದ ಏನೂ ತಿಳಿಯುವಂತಿರಲಿಲ್ಲ. ಒದ್ದೆ ಬಟ್ಟೆ ಇಟ್ಟಳು, ಕೋಡು ಮೂವತ್ತೊಂದಕ್ಕೇ ಎದ್ದಿತು. ಮೂರು ದಿನ ಯೋಚಿಸಿ, ನಾಲ್ಕನೆಯ ದಿನ ಗೋಧಿಹಿಟ್ಟಿಗೆ ಉಪ್ಪುನೀರು ಹಾಕಿ ಮೆತ್ತಗೆ ನಾದಿ, ಬೆರಳು ದಪ್ಪದ ರೊಟ್ಟಿಯ ಹಾಗೆ ತಟ್ಟಿ ಹುಡುಗಿಯ ಎದೆಗೆ ಹಚ್ಚಿದಳು. ಚೆಲುವಿ ಕಚಗುಳಿಗೆ ನಗುತ್ತಲೇ ತಬ್ಬಿದಳು. ಕೋಡು ಇಪ್ಪತ್ನಾಲ್ಕಕ್ಕೆ ನಿಂತಿತು. ಎರಡು ಬೆರಳು ದಪ್ಪ ಹಚ್ಚಿದಾಗ ಹತ್ತೊಂಬತ್ತು.

ಸಾವಂತ್ರಮ್ಮ ಹಿಟ್ಟು ಮೆತ್ತಿದ ಕೈಯಲ್ಲೇ ಅಲ್ಲಿದ್ದ ಮಣೆಯ ಮೇಲೆ ಕೂತಳು. "ದ್ಯಾವಮ್ಮ, ತುಪ್ಪದ ವಿಷಯದಲ್ಲಿ ನೀವೆಲ್ಲಾ ಹೇಳ್ತಿದ್ದದ್ದು ನಿಜ. ಕೋಡು ಇಳಿಸುತ್ತೆ. ಆದರೆ ಅದು ಎದೆನ ತಣ್ಣಗೆ ಮಾಡ್ತಿರಲಿಲ್ಲ ಕಣವ್ವ. ದೂರ ಮಾಡ್ತಿತ್ತು. ನಾನು ಅಳೀತಿದ್ದದ್ದು ಹೃದಯಾನ ಅಲ್ಲ, ಹೃದಯಕ್ಕೂ ಕಲ್ಲಿಗೂ ನಡುವೆ ಎಷ್ಟು ಮಾಂಸ ಇದೆ ಅನ್ನೋದನ್ನ."

"ನಾನೇನು ಕಂಡಿದ್ದೆ" ಎಂದಳು ದ್ಯಾವಮ್ಮ. "ಬೀದಿ ಲೆಕ್ಕ ಕೇಳ್ದೆ ಅಷ್ಟೇ."

ಅಲ್ಲಿಗೇ ನಿಲ್ಲಿಸಿದ್ದರೂ ಊರು ಅವಳನ್ನು ಹೊಗಳುತ್ತಿತ್ತು. ಅವಳು ನಿಲ್ಲಿಸಲಿಲ್ಲ. ತೆಳ್ಳಗಿನವರನ್ನು ಸುಮ್ಮನೆ ತಡೆದಿದ್ದರೆ, ದಪ್ಪಗಿನವರನ್ನು ಸುಮ್ಮನೆ ಬಿಟ್ಟಿರಲೂಬೇಕು. ಎರಡು ದಿನ ಬಿಟ್ಟು ಎಂಟು ಕಾಗದ ಹಿಡಿದು ಅಚ್ಚುಕೂಟಕ್ಕೆ ಬಂದಳು. ಎಂಟೂ ಗುರುಪಾದನವು, ಐದನೆಯ ವಯಸ್ಸಿನಿಂದ ಹನ್ನೆರಡರವರೆಗೆ. ಮೊಳೆಗಳ ಪೆಟ್ಟಿಗೆಯ ಮೇಲೆ ಸಾಲಾಗಿ ಇಟ್ಟಳು.

"ಕೋಡು ನೋಡಬೇಡಿ. ಮೂರನೆಯದು ನೋಡಿ."

ಐದರಲ್ಲಿ ಕುಳಿ, ಎಲ್ಲ ಮಕ್ಕಳಂತೆ. ಎಂಟರಲ್ಲಿ ಮೇಲೆದ್ದಿತ್ತು, ಎಲ್ಲ ಮಕ್ಕಳಂತೆ. ಹನ್ನೊಂದರಲ್ಲಿ ಚಪ್ಪಟೆಯಾಗಿತ್ತು. ಹನ್ನೆರಡರಲ್ಲಿ ಮತ್ತೆ ಕುಳಿ, ಆಳವಾಗಿ.

"ಐದು ವರ್ಷದ ಮಗುವಿಗೆ ಇರೋ ಕುಳಿ ಹನ್ನೆರಡಕ್ಕೆ ಮತ್ತೆ ಬಂದಿದೆ. ನನ್ನ ಹತ್ತಿರ ಇರೋ ಅಷ್ಟೂ ಕಾಗದದಲ್ಲಿ ಹೀಗೆ ತಿರುಗಿ ಕೆಳಗೆ ಹೋದವರು ಹತ್ತೇ ಜನ. ಒಂಬತ್ತು ಜನ ಗೆರೇನೂ ದಾಟಿದ್ದರು, ಹಾಗಾಗಿ ಕೆಳಗೇ ಉಳಿದರು. ಅವರಲ್ಲಿ ನಾಲ್ಕು ಜನ ಈಗಿಲ್ಲ. ಇವನೊಬ್ಬ ಗೆರೆ ದಾಟಲಿಲ್ಲ. ನನ್ನ ಕಣ್ಣ ಮುಂದೆ ಇತ್ತು ರಾಯಪ್ಪನೋರೆ. ನಾನು ಎತ್ತರ ನೋಡ್ತಿದ್ದೆ."

ನಾನು ಎರಡು ವರ್ಷದ ಹಿಂದಿನ ಸಂಚಿಕೆ ತೆಗೆದು ಅವಳ ಕಾಗದಗಳ ಪಕ್ಕದಲ್ಲಿಟ್ಟೆ. ಬಿಸಿಲಿನ ಝಳ ಎಂದಿದ್ದ ಸಾಲನ್ನು ಅವಳು ಓದಿದಳು.

"ಸರಿ. ಇಬ್ಬರೂ ತಿದ್ದೋಣ" ಎಂದಳು.

ಪುರಸಭೆಯ ಸಭೆ ಶಾಲೆ ತೆರೆಯುವುದಕ್ಕೆ ಒಂಬತ್ತು ದಿನ ಮುಂಚೆ ತಬ್ಬುಗಲ್ಲಿನ ಕೊಠಡಿಯ ಮುಂದೆಯೇ ನಡೆಯಿತು. ಅಧ್ಯಕ್ಷ ವಿರೂಪಣ್ಣನವರು ಭಾರಿ ಆಸಾಮಿ, ಕುರ್ಚಿ ಅವರಿಗೆ ಹೆದರುತ್ತದೆ. ಸಾವಂತ್ರಮ್ಮ ಮೊದಲು ಚೆಲುವಿಯನ್ನು ಹಿಟ್ಟಿಲ್ಲದೆ, ಆಮೇಲೆ ಹಿಟ್ಟು ಹಚ್ಚಿ ಎಲ್ಲರೆದುರು ತಬ್ಬಿಸಿದಳು. ಜನ ಗುಜುಗುಜು ಎನ್ನತೊಡಗಿದಾಗ ಅಧ್ಯಕ್ಷರ ಕಡೆ ತಿರುಗಿ, "ತಾವೂ ಒಂದ್ಸಲ ಬನ್ನಿ" ಎಂದಳು. ಅವರು ಅಂಗಿ ಬಿಚ್ಚಿ, ನಾಚುತ್ತಾ ತಬ್ಬಿದರು. ಹದಿಮೂರು ಕಾಳು.

"ಏನಮ್ಮ ಇದು, ನನ್ನ ಹೃದಯ ಈ ಹುಡುಗಿಯದಕ್ಕಿಂತ ಚಿಕ್ಕದಾ?"

"ಹೃದಯ ದೊಡ್ಡದೇ ಇರುತ್ತೆ ಯಜಮಾನರೇ. ನಡುವೆ ಐಶ್ವರ್ಯ ಇದೆ."

ಜನ ನಕ್ಕರು. ವಿರೂಪಣ್ಣನವರೂ ನಕ್ಕರು. ನಗು ಮುಗಿಯುವವರೆಗೆ ಕಾದು ಅವಳು ಬರೆದುಕೊಂಡಿದ್ದ ಹಾಳೆ ತೆಗೆದಳು. ನಾನು ಆ ಮಾತುಗಳನ್ನು ಅಲ್ಲೇ ಬರೆದುಕೊಂಡೆ. "ಇಪ್ಪತ್ತೆರಡು ವರ್ಷದಲ್ಲಿ ನಾನು ತೊಂಬತ್ತಾರು ಮಕ್ಕಳನ್ನ ಏರೆದೆ ಅಂತ ಕೆಳಗೆ ನಿಲ್ಲಿಸಿದೆ. ಕೋಡಿನ ಎತ್ತರ ಬಿಟ್ಟು, ವಯಸ್ಸಿಗೆ ತಕ್ಕಂತೆ ಮೂರನೇ ದಿಬ್ಬ ಹೇಗಿದೆ ಅಂತ ಹೊಸದಾಗಿ ನೋಡಿದರೆ ನಿಲ್ಲಿಸಬೇಕಾಗಿದ್ದದ್ದು ಒಂಬತ್ತು ಜನರನ್ನ. ಮಿಕ್ಕ ಎಂಬತ್ತೇಳು ಜನರದು ಬರೀ ತೆಳ್ಳಗಿನ ಎದೆ. ಅದು ನನ್ನ ತಪ್ಪು. ನಿಲ್ಲಿಸಬೇಕಾಗಿದ್ದ ಒಬ್ಬನನ್ನ ನಿಲ್ಲಿಸಲಿಲ್ಲ. ಅವನು ಗುರುಪಾದ. ಅದೂ ನನ್ನ ತಪ್ಪು."

ಗಂಗಾಂಬಿಕಮ್ಮ ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಯಾರೂ ಅವಳತ್ತ ನೋಡಲಿಲ್ಲ, ಎಲ್ಲರ ಗಮನವೂ ಅತ್ತಲೇ ಇತ್ತು. ಅವಳು ಎದ್ದು ನಿಂತಳು.

"ಕೊನೇ ವರ್ಷ ಅವನು ದಿನಾ ಬೆಳಿಗ್ಗೆ ಕಾಲು ನೋವು, ಉಸಿರು ಹಿಡಿಯುತ್ತೆ ಅಂತಿದ್ದ" ಎಂದಳು. "ಕಲ್ಲೇ ಪಾಸು ಮಾಡಿದೆ, ನಿಂದು ಸೋಮಾರಿತನ ಅಂತ ಬೈದು ಕಳಿಸ್ತಿದ್ದೆ. ಸುಳ್ಳು ಹೇಳ್ತಿರಲಿಲ್ಲ ಅವನು. ಅದನ್ನ ಎಲ್ಲರ ಮುಂದೆ ಹೇಳಿದಿರಲ್ಲ, ಸಾಕು." ಮೇಲಿನ ಮೆಟ್ಟಿಲ ಕಡೆ ಕೈ ತೋರಿಸಿ, "ಆ ಮೆಟ್ಟಿಲ ಹತ್ತಿರ ಒಂದು ಕಲ್ಲುಬೆಂಚು ಹಾಕಿಸ್ತೀನಿ. ಹತ್ತೋ ಮಕ್ಕಳೆಲ್ಲ ಅಲ್ಲಿ ಕೂತು ಹೋಗಲಿ. ಯಾರಿಗೆ ಏದುಸಿರು ಜಾಸ್ತಿ ಬರುತ್ತೆ ಅಂತ ನಾನು ನೋಡ್ತೀನಿ" ಎಂದಳು.

ವಿರೂಪಣ್ಣನವರು ಅಂಗಿಯ ಗುಂಡಿ ಹಾಕಿಕೊಂಡು ಚೆಲುವಿಯ ಕಡೆ ತಿರುಗಿದರು. "ನಾಳೆ ಈ ಹುಡುಗೀನೂ ಬಿದ್ದರೆ?"

"ಬೀಳಲ್ಲ ಅಂತ ಪ್ರಮಾಣ ಮಾಡೋಕಾಗಲ್ಲ. ಗೆರೆ ಇದ್ದಾಗಲೂ ಒಂದು ಮಗು ಬಿತ್ತು. ಅವಳ ಮೂರನೇ ದಿಬ್ಬ ನೆಟ್ಟಗಿದೆ, ವಯಸ್ಸಿಗೆ ತಕ್ಕ ಬಡಿತ ಇದೆ, ಮೈಮೇಲೆ ಮಾಂಸ ಇಲ್ಲ. ನನಗೆ ಗೊತ್ತಿರೋದು ಇಷ್ಟು. ಬಿದ್ದರೆ ಕಲ್ಲಿನ ಕೆಲಸ ಬಿಡ್ತೀನಿ, ಬರೆದುಕೊಡ್ತೀನಿ."

ಬರೆದುಕೊಟ್ಟಳು. ಚೆಲುವಿ ಹೋಗಿ ಬರಲಿ, ಅವಳಿಗೆ ಏನೂ ಆಗದಿದ್ದರೆ ಹೊಸ ಪಟ್ಟಿಯಂತೆ ನಡೆಯಲಿ ಎಂದು ತೀರ್ಮಾನವಾಯಿತು. ಅಂದರೆ ಹಿಂದಿನ, ಮುಂದಿನ ತೆಳ್ಳಗಿನ ಮಕ್ಕಳೆಲ್ಲರ ಓದು ಒಬ್ಬ ಹುಡುಗಿಯ ಉಸಿರಿನ ಮೇಲೆ ಬಂದು ನಿಂತಿತು.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕಿದೆ. ನಮ್ಮ ಪತ್ರಿಕೆಯ ತಿದ್ದುಪಡಿಗಳು ಸಾಮಾನ್ಯವಾಗಿ ಎರಡು ಸಾಲಿನವು. ಇದು ಮೂರನೆಯ ಪುಟವನ್ನು ತುಂಬಿ ನಾಲ್ಕಕ್ಕೆ ಹರಿಯಿತು. ಎಂಬತ್ತೇಳು ಹೆಸರುಗಳ ಮೊಳೆಗಳನ್ನು ನಾನೇ ಜೋಡಿಸಿದೆ. ಕೊನೆಯಲ್ಲಿ ಗುರುಪಾದ ಬಿಸಿಲಿಗೆ ಸತ್ತದ್ದಲ್ಲವೆಂದೂ, ವಿಚಾರಿಸದೆ ಬರೆದದ್ದು ಪತ್ರಿಕೆಯ ತಪ್ಪೆಂದೂ ಸೇರಿಸಿದೆ. ನನ್ನ ಹೆಸರು ಆ ಎಂಬತ್ತೇಳರಲ್ಲಿ ಇರಲಿಲ್ಲ. ನಾನು ಸಾವಂತ್ರಮ್ಮನ ಮಾವನ ಕಾಲದವನು, ಆ ಕಾಲದ ಅಚ್ಚುಗಳನ್ನು ಗೆದ್ದಲು ತಿಂದಿದೆ. ಕೇಳಿದ್ದಕ್ಕೆ ಅವಳು ನನ್ನನ್ನೂ ಕಲ್ಲು ತಬ್ಬಿಸಿದಳು. ಹದಿನಾರು ಕಾಳು. "ಇದರಿಂದ ಏನೂ ಹೇಳೋಕಾಗಲ್ಲ ರಾಯಪ್ಪನೋರೆ, ಈಗ ನಿಮಗೂ ಹೊಟ್ಟೆ ಎದೆ ಎಲ್ಲಾ ಬಂದಿದೆ" ಎಂದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಅವಳ ಗುಣ ನನಗೆ ಅವತ್ತು ಇನ್ನೂ ಹಿಡಿಸಿತು.

ಶಾಲೆ ತೆರೆದ ದಿನ ಅರ್ಧ ಊರು ಮೆಟ್ಟಿಲ ಬುಡದಲ್ಲಿ ನೆರೆದಿತ್ತು. ಚೆಲುವಿ ಹೊಸ ಹಸಿರು ಲಂಗ ಉಟ್ಟಿದ್ದಳು, ಬೆನ್ನಿಗೆ ಹುರಿಯಿಂದ ಹೆಣೆದ ಚೀಲ. ದ್ಯಾವಮ್ಮ, "ಓಡಬ್ಯಾಡ" ಎಂದಷ್ಟೇ ಹೇಳಿದಳು. ಮಿಕ್ಕ ಮಕ್ಕಳ ಜೊತೆ ಹುಡುಗಿ ಹತ್ತತೊಡಗಿದಳು. ಇನ್ನೂರರ ತಿರುವು, ಮುನ್ನೂರೈವತ್ತರ ಅತ್ತಿಮರ, ಆಮೇಲೆ ಬೋಳು ಬಂಡೆ. ಹಸಿರು ಚುಕ್ಕೆಯೊಂದು ಸಾಗುವುದು ಕಾಣುತ್ತಿತ್ತು. ಐನೂರ ಹನ್ನೆರಡರಲ್ಲಿ ಗಂಗಾಂಬಿಕಮ್ಮ ಹೊಸ ಬೆಂಚಿನ ಪಕ್ಕ ನೀರಿನ ಕೊಡ ಇಟ್ಟುಕೊಂಡು ನಿಂತಿದ್ದಳು. ಅಲ್ಲಿ ಎಲ್ಲ ಮಕ್ಕಳೂ ನೂರು ಎಣಿಸುವಷ್ಟು ಹೊತ್ತು ಕೂರಬೇಕೆಂದು ಸಾವಂತ್ರಮ್ಮ ಕಟ್ಟು ಮಾಡಿದ್ದಳು.

ಮಕ್ಕಳು ಕೂತರು. ಸಾವಂತ್ರಮ್ಮ ನನ್ನ ಪಕ್ಕದಲ್ಲಿ ತುಟಿ ಅಲುಗಿಸುತ್ತಾ ಎಣಿಸುತ್ತಿದ್ದಳು, ನಾನೂ ಎಣಿಸಿದೆ. ನೂರಾಯಿತು. ಮಕ್ಕಳು ಎದ್ದರು, ಒಬ್ಬೊಬ್ಬರಾಗಿ ಮುಂದೆ ಹೊರಟರು. ಹಸಿರು ಚುಕ್ಕೆ ಬೆಂಚಿನ ಮೇಲೇ ಉಳಿಯಿತು. ನೂರ ಹತ್ತು, ನೂರ ಇಪ್ಪತ್ತು. ದ್ಯಾವಮ್ಮ ಒಂದನೆಯ ಮೆಟ್ಟಿಲ ಮೇಲೆ ಕಾಲಿಟ್ಟು ನಿಂತಳು, ಏರೆದೆಯವಳೆಂಬುದನ್ನು ಮರೆತು. ಸಾವಂತ್ರಮ್ಮನ ತುಟಿ ನಿಂತಿತ್ತು. ಅವಳ ಕೈ ನನ್ನ ಮಣಿಕಟ್ಟು ಹಿಡಿದಿತ್ತು, ಹಿಡಿದದ್ದು ಅವಳಿಗೆ ಗೊತ್ತಿರಲಿಲ್ಲ. ನಾನೊಬ್ಬನೇ ಎಣಿಕೆ ಬಿಡಲಿಲ್ಲ. ನೂರ ನಲವತ್ತೆರಡಕ್ಕೆ ಹಸಿರು ಚುಕ್ಕೆ ಎದ್ದು, ಲಂಗ ಕೊಡವಿಕೊಂಡು, ಮೇಲಕ್ಕೆ ನಡೆಯಿತು. ಏಳುನೂರ ನಲವತ್ತನ್ನೂ ಮುಗಿಸಿ ಶಾಲೆಯ ಬಾಗಿಲಲ್ಲಿ ಮರೆಯಾಯಿತು.

ಸಂಜೆ ಅವಳು ಇಳಿದು ಬರುವವರೆಗೆ ನಾನು ಅಲ್ಲೇ ಕಾದೆ. ಅಷ್ಟು ಹೊತ್ತು ಯಾಕೆ ಕೂತಿದ್ದೆ ಎಂದು ಕೇಳಿದೆ. ಹುಡುಗಿ ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದಳು.

"ಅಲ್ಲಿಂದ ಊರೆಲ್ಲಾ ಕಾಣ್ಸುತ್ತೆ ಮಾಮ. ನಮ್ಮನೆ ಹುಡುಕ್ತಿದ್ದೆ."

ಮರುದಿನದ ಪತ್ರಿಕೆಯಲ್ಲಿ ಸುದ್ದಿ ಐದು ಸಾಲು. ದ್ಯಾವಮ್ಮನ ಮಗಳು ಚೆಲುವಿ, ಹನ್ನೊಂದು ವರ್ಷ, ಮೂವತ್ತೊಂದು ಕಾಳು, ನಿನ್ನೆ ಮೇಲಿನ ಶಾಲೆಗೆ ಸೇರಿದಳು. ಐನೂರ ಹನ್ನೆರಡನೆಯ ಮೆಟ್ಟಿಲಲ್ಲಿ ಮಿಕ್ಕವರಿಗಿಂತ ನಲವತ್ತೆರಡು ಎಣಿಕೆ ಹೆಚ್ಚು ಕೂತಿದ್ದಳು. ಕಾರಣ, ತನ್ನ ಮನೆ ಹುಡುಕುತ್ತಿದ್ದಳು. ಕಾರಣವನ್ನು ಈ ಸಲ ವಿಚಾರಿಸಿ ಬರೆದಿದ್ದೇನೆ.